ಶಾಸನದಿಂದ ಶಾಸಕರವರೆಗೆ: ಭಟ್ಕಳ, ಹೊನ್ನಾವರ, ಕುಮಟೆಗಳ ಪ್ರಾತಿನಿಧ್ಯದ ಚರಿತ್ರೆ

ಕನ್ನಡದಲ್ಲಿ ‘ಶಾಸನ’ ಎಂಬ ಶಬ್ದಕ್ಕೆ ಎರಡು ನೆಲೆಗಳಿವೆ. ಕಲ್ಲು ಮತ್ತು ತಾಮ್ರಪಟಗಳ ಮೇಲೆ ಬರೆಸಿದ ದಾನ, ಮಾನ್ಯ, ಕಟ್ಟಳೆಗಳ ದಾಖಲೆ ಶಾಸನವೆನಿಸುತ್ತದೆ. ವಿಧಾನಸಭೆ ಅಂಗೀಕರಿಸಿದ ಕಾಯಿದೆಯೂ ಶಾಸನವೇ. ಅದನ್ನು ರೂಪಿಸಲು ಜನ ಆರಿಸಿ ಕಳುಹಿಸಿದವರು ಶಾಸಕರು. ‘ಕ್ಷೇತ್ರ’ ಶಬ್ದವೂ ಹಾಗೆಯೇ ಹೊಲವನ್ನು, ಪುಣ್ಯಸ್ಥಳವನ್ನು, ಚುನಾವಣೆಗಾಗಿ ಗುರುತಿಸಿದ ಪ್ರದೇಶವನ್ನು ಒಟ್ಟಿಗೆ ಸೂಚಿಸುತ್ತದೆ. ಇನ್ನು ‘ಮತ’ವೆಂದರೆ ಅಭಿಪ್ರಾಯ, ಧರ್ಮ ಹಾಗೂ ಮತದಾರ ಚಲಾಯಿಸುವ ಹಕ್ಕು. ಉತ್ತರ ಕನ್ನಡ ಜಿಲ್ಲೆಯ ದಕ್ಷಿಣ ಕರಾವಳಿಯಲ್ಲಿರುವ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ರಾಜಕೀಯ ಚರಿತ್ರೆಯನ್ನು ಓದುವಾಗ ಈ ಮೂರು ಶಬ್ದಗಳ ಎಲ್ಲ ಅರ್ಥಗಳೂ ಒಂದರ ಮೇಲೊಂದು ಬಂದು ನಿಲ್ಲುತ್ತವೆ. ಕರ್ನಾಟಕ ವಿಧಾನಸಭೆಯ 224 ಕ್ಷೇತ್ರಗಳ ಪಟ್ಟಿಯಲ್ಲಿ 78ನೆಯದು ಕುಮಟಾ, 79ನೆಯದು ಭಟ್ಕಳ. ಈ ಎರಡು ಸಂಖ್ಯೆಗಳ ಹಿಂದಿರುವ ನೆಲವು ಕನ್ನಡ ಸಾಹಿತ್ಯಕ್ಕೂ ಶಾಸನಶಾಸ್ತ್ರಕ್ಕೂ ಬಹಳ ಹಿಂದಿನಿಂದ ಪರಿಚಿತವಾದುದು.

ಕ್ಷೇತ್ರದ ಚರಿತ್ರೆಯನ್ನು 1952ರ ಮಹಾಚುನಾವಣೆಯಿಂದ ಆರಂಭಿಸುವುದು ವಾಡಿಕೆ. ಆದರೆ ‘ಈ ಊರಿನ ಪರವಾಗಿ ಮಾತನಾಡುವವರು ಯಾರು?’ ಎಂಬ ಪ್ರಶ್ನೆ ಇಲ್ಲಿ ಅದಕ್ಕಿಂತ ಹಳೆಯದು. ಆ ಪ್ರಶ್ನೆಗೆ ಬೇರೆ ಬೇರೆ ಕಾಲಗಳು ಕೊಟ್ಟ ಉತ್ತರಗಳನ್ನು ಜೋಡಿಸಿ ನೋಡಿದಾಗ ಮಾತ್ರ ಇಂದಿನ ಚುನಾವಣೆಗಳ ಸ್ವರೂಪ ತಿಳಿಯುತ್ತದೆ.

ಹಲರು, ನಖರ, ಹಂಜಮಾನ

ವಿಜಯನಗರದ ಕಾಲದಲ್ಲಿ ಈ ಕರಾವಳಿಯನ್ನು ಆಳಿದವರು ಹಾಡುವಳ್ಳಿ ಮತ್ತು ಗೇರುಸೊಪ್ಪೆಗಳ ಜೈನ ಅರಸರು. ಹಾಡುವಳ್ಳಿ ಇಂದಿನ ಭಟ್ಕಳ ತಾಲ್ಲೂಕಿನಲ್ಲಿದೆ. ಅದಕ್ಕೆ ಸಂಗೀತಪುರವೆಂಬ ಹೆಸರಿತ್ತು. ಗೇರುಸೊಪ್ಪೆ ಹೊನ್ನಾವರ ತಾಲ್ಲೂಕಿನ ಶರಾವತಿಯ ದಡದಲ್ಲಿದೆ. ಅದನ್ನು ಕ್ಷೇಮಪುರವೆಂದೂ, ಅದರ ರಾಜ್ಯವನ್ನು ನಗಿರೆ ರಾಜ್ಯವೆಂದೂ ಕರೆಯುತ್ತಿದ್ದರು. ಸಾಳ್ವ ಮನೆತನದ ಆಶ್ರಯದಲ್ಲಿ ಸಾಳ್ವ ಕವಿಯ ಭಾರತ ಹುಟ್ಟಿತು. ಹಾಡುವಳ್ಳಿಯ ಜೈನ ಮಠದ ಪರಂಪರೆಗೆ ಸೇರಿದ ಭಟ್ಟಾಕಳಂಕನು 1604ರಲ್ಲಿ ‘ಕರ್ನಾಟಕ ಶಬ್ದಾನುಶಾಸನ’ವನ್ನು ಪೂರೈಸಿದನು. ಭಾಷೆಗೆ ನಿಯಮ ಹಾಕುವ ಗ್ರಂಥದ ಹೆಸರಿನಲ್ಲಿಯೂ ‘ಶಾಸನ’ ಶಬ್ದವೇ ಇರುವುದು ಗಮನಾರ್ಹ. ಭಟ್ಕಳವೆಂಬ ಊರಿನ ಹೆಸರು ಈ ವೈಯಾಕರಣನಿಂದಲೇ ಬಂದಿತೆಂಬ ನಂಬಿಕೆಯೂ ಇದೆ.

ಈ ರಾಜ್ಯಗಳ ಸಂಪತ್ತಿನ ಮೂಲ ಕಾಳುಮೆಣಸು, ಅಕ್ಕಿ ಮತ್ತು ಬಂದರು. ಹದಿನಾರನೆಯ ಶತಮಾನದ ಆರಂಭದಲ್ಲಿ ಭಟ್ಕಳದ ವ್ಯಾಪಾರವನ್ನು ಪೋರ್ಚುಗೀಸ್ ಬರೆಹಗಾರ ದುವಾರ್ತೆ ಬಾರ್ಬೋಸಾ ವಿವರಿಸಿದ್ದಾನೆ. ಅದಕ್ಕೂ ಮೊದಲು, ಹದಿನಾಲ್ಕನೆಯ ಶತಮಾನದ ನಡುವಿನಲ್ಲಿ, ಹೊನ್ನಾವರಕ್ಕೆ ಬಂದ ಇಬ್ನ್ ಬತೂತನು ಅಲ್ಲಿ ಹೆಣ್ಣುಮಕ್ಕಳಿಗಾಗಿ 13 ಮತ್ತು ಗಂಡುಮಕ್ಕಳಿಗಾಗಿ 23 ಪಾಠಶಾಲೆಗಳನ್ನು ಕಂಡುದಾಗಿ ಬರೆದಿದ್ದಾನೆ. ಜೈನ ಶ್ರೇಷ್ಠಿಗಳು, ವೈದಿಕ ದೇವಾಲಯಗಳು, ಅರಬ್ಬೀ ಸಮುದ್ರದ ಆಚೆಯಿಂದ ಬಂದ ಮುಸ್ಲಿಂ ವರ್ತಕರು ಒಂದೇ ಬಂದರನ್ನು ಹಂಚಿಕೊಂಡಿದ್ದ ಕಾಲವದು. ಭಟ್ಕಳದ ಜಟ್ಟಪ್ಪ ಚಂದ್ರನಾಥೇಶ್ವರ ಬಸದಿ, ಕೇತಪೈ ನಾರಾಯಣ ದೇವಾಲಯ, ಹಳೆಯ ಮಸೀದಿಗಳು ಇಂದಿಗೂ ಒಂದೇ ಪಟ್ಟಣದ ಒಳಗಿವೆ.

ಕರಾವಳಿಯ ಶಾಸನಗಳಲ್ಲಿ ದಾನಕ್ಕೆ ಸಾಕ್ಷಿಯಾಗಿ, ಕಟ್ಟಳೆಗೆ ಒಪ್ಪಿಗೆ ನೀಡುವವರಾಗಿ ಕೆಲವು ಸಂಸ್ಥೆಗಳು ಕಾಣಿಸಿಕೊಳ್ಳುತ್ತವೆ. ‘ಹಲರು’ ಎಂದರೆ ಪಟ್ಟಣದ ವರ್ತಕರ ಮತ್ತು ಪ್ರಮುಖರ ಸಂಘ; ‘ನಖರ’ ವ್ಯಾಪಾರಿಗಳ ಕೂಟ; ‘ಹಂಜಮಾನ’ ಸಮುದ್ರದಾಚೆಯಿಂದ ಬಂದ ವರ್ತಕರ ಸಂಘ. ಹಂಜಮಾನವೆಂಬುದು ಪಾರಸಿಯ ‘ಅಂಜುಮನ್’ ಶಬ್ದದ ಕನ್ನಡ ರೂಪ. ಇವು ಇಂದಿನ ಅರ್ಥದ ಪ್ರಜಾಪ್ರತಿನಿಧಿ ಸಭೆಗಳಲ್ಲ. ಗದ್ದೆಯ ಒಕ್ಕಲಿಗನಿಗೆ, ದೋಣಿಯ ಹುಟ್ಟು ಹಾಕುವವನಿಗೆ, ಉಪ್ಪಿನಾಗರದಲ್ಲಿ ದುಡಿಯುವ ಹೆಂಗಸಿಗೆ ಅಲ್ಲಿ ಸ್ಥಾನವಿರಲಿಲ್ಲ. ಆದರೂ ಅರಸನ ಆಜ್ಞೆ ಊರಿನ ಒಪ್ಪಿಗೆಯೊಡನೆ ಜಾರಿಗೆ ಬರಬೇಕೆಂಬ, ಆ ಒಪ್ಪಿಗೆಯಲ್ಲಿ ಬೇರೆ ಬೇರೆ ಮತದವರ ಪಾಲು ಇರಬೇಕೆಂಬ ತಿಳಿವಳಿಕೆ ಆ ಶಬ್ದಗಳಲ್ಲಿ ಉಳಿದಿದೆ. ಗೇರುಸೊಪ್ಪೆಯಲ್ಲಿ ಯೋಜನಶ್ರೇಷ್ಠಿಯ ವಂಶದ ಅಂಬವಣಶ್ರೇಷ್ಠಿಯು ನೇಮೀಶ್ವರ ಚೈತ್ಯಾಲಯದ ಮುಂದೆ ಕಂಚಿನ ಮಾನಸ್ತಂಭವನ್ನು ನಿಲ್ಲಿಸಿದುದನ್ನು ಶಾಸನ ಹೇಳುತ್ತದೆ. ಅರಸರಷ್ಟೇ ಅಲ್ಲದೆ ಶೆಟ್ಟಿಗಳೂ ತಮ್ಮ ಮಾತನ್ನು ಕಲ್ಲಿನಲ್ಲಿ ಉಳಿಸಬಲ್ಲವರಾಗಿದ್ದರು.

ಸುಮಾರು 1552ರಿಂದ 1606ರವರೆಗೆ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದರು. ಕುಮಟಾ ತಾಲ್ಲೂಕಿನ ಮಿರ್ಜಾನ ಕೋಟೆಯೂ ಅವಳ ಹೆಸರಿನೊಡನೆ ಸೇರಿಕೊಂಡಿದೆ. ಅವಳ ಸೋಲಿನೊಂದಿಗೆ ಈ ನೆಲ ಕೆಳದಿಯ ವೆಂಕಟಪ್ಪನಾಯಕನ ವಶವಾಯಿತು. ಹಾಡುವಳ್ಳಿ, ಗೇರುಸೊಪ್ಪೆಗಳು ರಾಜಧಾನಿಯ ಪಟ್ಟವನ್ನು ಕಳೆದುಕೊಂಡು ಕಾಡಿನ ಊರುಗಳಾದವು. ಗೇರುಸೊಪ್ಪೆಯ ಚತುರ್ಮುಖ ಬಸದಿ ನಾಲ್ಕು ದಿಕ್ಕಿಗೂ ಬಾಗಿಲು ತೆರೆದು ಕಾಡಿನ ನಡುವೆ ನಿಂತಿದೆ.

ತಾಲ್ಲೂಕು ಮತ್ತು ಪೇಟೆ

1799ರಲ್ಲಿ ಟಿಪ್ಪುವಿನ ಪತನದ ನಂತರ ಕೆನರಾ ಜಿಲ್ಲೆ ಕಂಪನಿಯ ಆಡಳಿತಕ್ಕೆ ಬಂದಿತು. ಥಾಮಸ್ ಮನ್ರೋ ಅದರ ಮೊದಲ ಕಲೆಕ್ಟರನಾದನು. ಕೆನರಾ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಬಳಿಕ ಅದು ಉತ್ತರ, ದಕ್ಷಿಣವೆಂದು ಎರಡಾಯಿತು. 1862ರಲ್ಲಿ ಕುಂದಾಪುರವನ್ನು ಮದರಾಸಿಗೇ ಬಿಟ್ಟು ಉಳಿದ ಉತ್ತರ ಕೆನರಾವನ್ನು ಮುಂಬಯಿ ಪ್ರಾಂತಕ್ಕೆ ವರ್ಗಾಯಿಸಲಾಯಿತು. ಇದರ ಹಿಂದೆ ಇದ್ದುದು ಹತ್ತಿ. ಧಾರವಾಡ ಸೀಮೆಯ ಹತ್ತಿ ದೇವಿಮನೆ ಘಟ್ಟವನ್ನು ಇಳಿದು ಕುಮಟಾ ಬಂದರಿಗೆ ಬಂದು, ಅಲ್ಲಿಂದ ಹಡಗು ಏರುತ್ತಿತ್ತು. ‘ಕುಮಟಾ’ ಎಂಬುದು ಪರದೇಶದ ಪೇಟೆಯಲ್ಲಿ ಒಂದು ಬಗೆಯ ಹತ್ತಿಯ ಹೆಸರೇ ಆಗಿತ್ತು. ಹತ್ತಿಯ ಸಾಗಣೆಗಾಗಿ ಕಾರವಾರದ ಬಂದರನ್ನು ಬೆಳೆಸಬೇಕೆಂದು ವರ್ತಕರು ಒತ್ತಾಯಿಸಿದಾಗ ಜಿಲ್ಲೆಯ ಭವಿಷ್ಯ ಬದಲಾಯಿತು. ಇಲ್ಲಿನ ಜನರನ್ನು ಯಾರೂ ಕೇಳಲಿಲ್ಲ.

ಈ ವರ್ಗಾವಣೆಯಿಂದ ಭಟ್ಕಳ ಗಡಿಯ ಊರಾಯಿತು. ಭಟ್ಕಳದಿಂದ ಕೆಲವು ಹರದಾರಿ ದಕ್ಷಿಣಕ್ಕೆ ಹೋದರೆ ಮದರಾಸು ಪ್ರಾಂತ. ಅದೇ ಕನ್ನಡ, ಅದೇ ಕೊಂಕಣಿ, ಅದೇ ಕಡಲು, ಆದರೆ ಕಚೇರಿ ಬೇರೆ, ಕಾನೂನು ಬೇರೆ. ಈ ವಿಭಜನೆ 1956ರ ನವೆಂಬರ್ 1ರವರೆಗೆ ಉಳಿಯಿತು.

ಆ ಕಾಲದ ಆಡಳಿತದಲ್ಲಿ ಹೊನ್ನಾವರ ತಾಲ್ಲೂಕಿನ ಕೇಂದ್ರವಾಗಿತ್ತು. ಭಟ್ಕಳ ಅದರೊಳಗಿನ ಒಂದು ‘ಪೇಟೆ’, ಅಂದರೆ ಉಪವಿಭಾಗ. 1883ರಲ್ಲಿ ಪ್ರಕಟವಾದ ಕೆನರಾ ಗೆಜೆಟಿಯರಿನಲ್ಲಿಯೂ ಈ ವ್ಯವಸ್ಥೆಯೇ ಕಾಣುತ್ತದೆ. ಇಂದಿನ ಸ್ಥಿತಿ ಇದಕ್ಕೆ ತಿರುವುಮುರುವಾಗಿದೆ. ಭಟ್ಕಳದ ಹೆಸರಿನಲ್ಲಿ ವಿಧಾನಸಭಾ ಕ್ಷೇತ್ರವಿದೆ. ಹೊನ್ನಾವರದ ಹೆಸರಿನಲ್ಲಿ ಇಲ್ಲ.

ಪ್ರಾಂತೀಯ ಶಾಸನಸಭೆಗಳಿಗೆ ಚುನಾವಣೆ ಬಂದಾಗಲೂ ಮತದಾನದ ಹಕ್ಕು ಆಸ್ತಿ, ಕಂದಾಯ, ವಿದ್ಯೆಗಳ ಅಳತೆಗೆ ಒಳಪಟ್ಟಿತ್ತು. ಗೇಣಿದಾರರೇ ಹೆಚ್ಚಾಗಿದ್ದ ಈ ತಾಲ್ಲೂಕುಗಳಲ್ಲಿ ಆ ಅಳತೆ ಬಹುಪಾಲು ಜನರನ್ನು ಹೊರಗಿಟ್ಟಿತು. ಮುಂಬಯಿಯ ಸಭೆಯಲ್ಲಿ ಕನ್ನಡಿಗರು ಅಲ್ಪಸಂಖ್ಯಾತರು. 1920ರ ನಾಗಪುರ ಅಧಿವೇಶನದ ಬಳಿಕ ಕಾಂಗ್ರೆಸ್ಸು ತನ್ನ ಪ್ರಾಂತ ಸಮಿತಿಗಳನ್ನು ಭಾಷೆಯ ಆಧಾರದ ಮೇಲೆ ರಚಿಸಿತು. ಹೀಗೆ ಸರ್ಕಾರದ ನಕ್ಷೆಯಲ್ಲಿ ಮುಂಬಯಿಗೆ ಸೇರಿದ್ದ ಕೆನರಾ, ಚಳವಳಿಯ ನಕ್ಷೆಯಲ್ಲಿ ಕರ್ನಾಟಕದ ಭಾಗವಾಯಿತು. 1930ರ ದಶಕದ ಉಪ್ಪಿನ ಸತ್ಯಾಗ್ರಹ ಮತ್ತು ಕರನಿರಾಕರಣೆಯಲ್ಲಿ ಜಿಲ್ಲೆಯ ರೈತರು ಹೊಲ ಮನೆಗಳನ್ನು ಕಳೆದುಕೊಂಡರು. ಮತದ ಹಕ್ಕು ಇಲ್ಲದವರು ತಮ್ಮ ಅಭಿಪ್ರಾಯವನ್ನು ತಿಳಿಸಿದ ರೀತಿ ಅದು.

ವಯಸ್ಕರ ಮತ, ಗೇಣಿಯ ಪ್ರಶ್ನೆ

1952ರಲ್ಲಿ ಆಸ್ತಿಯ ಅಳತೆ ಹೋಯಿತು. ಮೊದಲ ಮಹಾಚುನಾವಣೆಯಲ್ಲಿ ಕೆನರಾದಿಂದ ಲೋಕಸಭೆಗೆ ಆಯ್ಕೆಯಾದವರು ಜೋಕಿಂ ಆಳ್ವ. ಮುಂದೆ 1957, 1962ರಲ್ಲಿಯೂ ಅವರೇ ಗೆದ್ದರು. ವಿಧಾನಸಭೆಯ ಸದಸ್ಯರು ಮೊದಲು ಹೋದುದು ಮುಂಬಯಿಗೆ. 1956ರ ಪುನರ್‌ವಿಂಗಡಣೆಯ ನಂತರ ಬೆಂಗಳೂರಿಗೆ. ಭಟ್ಕಳದ ಜುಕಾಕು ಶಮ್ಸುದ್ದೀನ್ ಹೊಸ ಮೈಸೂರು ರಾಜ್ಯದ ಆರಂಭದ ವರ್ಷಗಳಲ್ಲಿ ಶಾಸಕರಾಗಿದ್ದರು. ಪಟ್ಟಣದ ಹೆದ್ದಾರಿಯ ವೃತ್ತಕ್ಕೆ ಇಂದಿಗೂ ಶಮ್ಸುದ್ದೀನ್ ಸರ್ಕಲ್ ಎಂದೇ ಹೆಸರು. ಮುಂದಿನ ತಲೆಮಾರಿನಲ್ಲಿ ಇದೇ ಊರಿನ ಎಸ್.ಎಂ. ಯಾಹ್ಯಾ ರಾಜ್ಯದ ಮಂತ್ರಿಮಂಡಲದಲ್ಲಿ ಸ್ಥಾನ ಪಡೆದರು. ಮುಸ್ಲಿಂ ಅಭ್ಯರ್ಥಿಯೊಬ್ಬರು ನಾಮಧಾರಿ, ಮೊಗೇರ, ಹಾಲಕ್ಕಿ, ಹವ್ಯಕ, ಕೊಂಕಣಿ ಮತದಾರರ ಬೆಂಬಲದಿಂದ ಆರಿಸಿ ಬರುವುದು ಅಂದು ವಿಶೇಷ ಸಂಗತಿಯಾಗಿರಲಿಲ್ಲ.

ಆ ದಶಕಗಳ ಮುಖ್ಯ ಪ್ರಶ್ನೆ ಗೇಣಿಯದು. 1940ರ ದಶಕದಲ್ಲಿ ರೈತ ಚಳವಳಿ ಕಟ್ಟಿದ್ದಕ್ಕಾಗಿ ಜಿಲ್ಲೆಯಿಂದ ಗಡೀಪಾರಾಗಿದ್ದ ದಿನಕರ ದೇಸಾಯಿ, ಚುಟುಕಗಳ ಕವಿಯೆಂದು ಕನ್ನಡ ಓದುಗರಿಗೆ ಚಿರಪರಿಚಿತರು. 1967ರಲ್ಲಿ ಅವರು ಪಕ್ಷೇತರರಾಗಿ ನಿಂತು ಕೆನರಾದಿಂದ ಲೋಕಸಭೆಗೆ ಗೆದ್ದರು. ಅವರು 1953ರಲ್ಲಿ ಸ್ಥಾಪಿಸಿದ ಕೆನರಾ ವೆಲ್‌ಫೇರ್ ಟ್ರಸ್ಟಿನ ಶಾಲೆಗಳಲ್ಲಿ ಗೇಣಿದಾರರ ಮಕ್ಕಳು ಓದಿದರು. ಕವಿಯೊಬ್ಬರಿಗೆ, ಪಕ್ಷದ ಚಿಹ್ನೆಯಿಲ್ಲದೆ, ಒಂದು ಜಿಲ್ಲೆ ಮತ ನೀಡಿದ ಈ ಪ್ರಸಂಗವನ್ನು ಸಾಹಿತ್ಯ ಚರಿತ್ರೆಯೂ ರಾಜಕೀಯ ಚರಿತ್ರೆಯೂ ತಮ್ಮದೆಂದು ಹೇಳಿಕೊಳ್ಳಬಹುದು.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿಯ ಪದ್ಧತಿಯನ್ನು ಕೊನೆಗೊಳಿಸಿತು. ಭೂ ನ್ಯಾಯಮಂಡಳಿಗಳ ಮುಂದೆ ಅರ್ಜಿ ಹಿಡಿದು ನಿಂತ ಒಕ್ಕಲುಗಳು ಭೂಮಿಯ ಒಡೆಯರಾದರು. ಒಡೆಯನ ಮಾತಿಗೆ ತಲೆಬಾಗಿ ಮತ ಹಾಕುವ ಕಾಲ ಅದರೊಂದಿಗೆ ಕೊನೆಯಾಯಿತು. ಅಲ್ಲಿಂದ ಮುಂದೆ ಕರಾವಳಿಯ ಕ್ಷೇತ್ರಗಳಲ್ಲಿ ಅಭ್ಯರ್ಥಿಗಳಾಗಿ ನಿಂತವರಲ್ಲಿ ಹಿಂದುಳಿದ ಸಮುದಾಯಗಳ ಹೆಸರುಗಳು ಹೆಚ್ಚಿದುದನ್ನು ಯಾವ ಫಲಿತಾಂಶ ಪಟ್ಟಿಯಲ್ಲಿಯೂ ಗುರುತಿಸಬಹುದು.

ಎರಡಾದ ತಾಲ್ಲೂಕು

ಒಂದು ಕಾಲದಲ್ಲಿ ಹೊನ್ನಾವರದ ಹೆಸರಿನಲ್ಲಿಯೂ ವಿಧಾನಸಭಾ ಕ್ಷೇತ್ರವಿತ್ತು. ಕ್ಷೇತ್ರಗಳ ಪುನರ್‌ವಿಂಗಡಣೆಯಲ್ಲಿ ಆ ಹೆಸರು ಮರೆಯಾಗಿ, ತಾಲ್ಲೂಕು ಎರಡು ಭಾಗವಾಯಿತು. ಮಂಕಿಯೇ ಮೊದಲಾದ ದಕ್ಷಿಣದ ಊರುಗಳು ಭಟ್ಕಳದೊಡನೆ ಸೇರಿದವು. ಉಳಿದ ಭಾಗ ಕುಮಟೆಯೊಡನೆ ಹೋಯಿತು. ಜನರ ಆಡುಮಾತಿನಲ್ಲಿ ಮಾತ್ರ ಒಂದು ‘ಭಟ್ಕಳ–ಹೊನ್ನಾವರ ಕ್ಷೇತ್ರ’, ಇನ್ನೊಂದು ‘ಕುಮಟಾ–ಹೊನ್ನಾವರ ಕ್ಷೇತ್ರ’. ಅಧಿಕೃತ ಪಟ್ಟಿಯಲ್ಲಿ ಇಲ್ಲದ ಹೆಸರು ಎರಡು ಕಡೆಯೂ ಉಳಿದುಕೊಂಡಿದೆ.

2001ರ ಜನಗಣತಿಯನ್ನು ಆಧರಿಸಿ, ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ ಸಿದ್ಧಪಡಿಸಿದ ನಕ್ಷೆ 2008ರ ಚುನಾವಣೆಯಿಂದ ಜಾರಿಗೆ ಬಂದಿತು. ಜಿಲ್ಲೆಗೆ ಆರು ಸ್ಥಾನಗಳೇ ಉಳಿದವು. ಆದರೆ ಅಂಕೋಲಾ ಎಂಬ ಕ್ಷೇತ್ರದ ಹೆಸರು ಹೋಗಿ ಯಲ್ಲಾಪುರ ಬಂದಿತು. ಪುನರ್‌ವಿಂಗಡಣೆ ಮತದಾರರ ಸಂಖ್ಯೆಯನ್ನು ಸಮನಾಗಿಸುವ ಲೆಕ್ಕ. ಆ ಲೆಕ್ಕಕ್ಕೆ ನದಿಯ ಮೇಲಿನ ಸೇತುವೆ, ಸಂತೆಯ ದಾರಿ, ಹಳೆಯ ಸೀಮೆಗಳು ಮುಖ್ಯವಾಗುವುದಿಲ್ಲ. ಇದರ ಪರಿಣಾಮವನ್ನು ಹೊನ್ನಾವರದ ಸಾಮಾನ್ಯ ಪ್ರಜೆ ದಿನನಿತ್ಯದ ವ್ಯವಹಾರದಲ್ಲಿ ಕಾಣುತ್ತಾನೆ. ತಹಶೀಲ್ದಾರರು ಒಬ್ಬರು, ತಾಲ್ಲೂಕು ಕಚೇರಿ ಒಂದು, ಶಾಸಕರು ಇಬ್ಬರು. ಇಬ್ಬರಿಗೂ ಹೊನ್ನಾವರ ತಮ್ಮ ಕ್ಷೇತ್ರದ ಎರಡನೆಯ ಭಾಗ. ಇಬ್ಬರ ಮನೆ, ಕಚೇರಿ, ಒಲವುಗಳ ಕೇಂದ್ರ ಬೇರೆ ಊರಿನಲ್ಲಿರುವ ಸಾಧ್ಯತೆಯೇ ಹೆಚ್ಚು. ಇಬ್ಬರು ಪ್ರತಿನಿಧಿಗಳಿರುವುದು ಲಾಭವೋ, ಪೂರ್ಣವಾಗಿ ತನ್ನವರೆನ್ನುವ ಒಬ್ಬರಿಲ್ಲದಿರುವುದು ನಷ್ಟವೋ ಎಂಬುದು ಅಲ್ಲಿ ಇನ್ನೂ ತೀರದ ಚರ್ಚೆ.

ಮತ ಎಂಬ ಶಬ್ದದ ಎರಡು ಅರ್ಥಗಳು

1993ರಲ್ಲಿ ಭಟ್ಕಳದಲ್ಲಿ ಕೋಮುಗಲಭೆಗಳು ಆರಂಭವಾಗಿ ತಿಂಗಳುಗಟ್ಟಲೆ ನಡೆದವು. ಜೀವಗಳು ಹೋದವು, ಅಂಗಡಿ ಮನೆಗಳು ಉರಿದವು, ನ್ಯಾಯಾಂಗ ವಿಚಾರಣೆ ನಡೆಯಿತು. ಮರುವರ್ಷದ ವಿಧಾನಸಭಾ ಚುನಾವಣೆಯಲ್ಲಿ ವೈದ್ಯರಾಗಿದ್ದ ಡಾ. ಯು. ಚಿತ್ತರಂಜನ್ ಭಾರತೀಯ ಜನತಾ ಪಕ್ಷದಿಂದ ಗೆದ್ದರು. 1996ರ ಏಪ್ರಿಲ್ 10ರಂದು, ಲೋಕಸಭಾ ಚುನಾವಣೆಯ ಹೊತ್ತಿನಲ್ಲಿ, ಅವರನ್ನು ಮನೆಯಲ್ಲಿಯೇ ಗುಂಡಿಟ್ಟು ಕೊಲ್ಲಲಾಯಿತು. ತನಿಖೆ ಕೇಂದ್ರ ತನಿಖಾ ದಳದವರೆಗೆ ಹೋಯಿತು. ಕೊಂದವರು ಯಾರೆಂಬುದು ನ್ಯಾಯಾಲಯದಲ್ಲಿ ಸಿದ್ಧವಾಗಲಿಲ್ಲ. ಜನರು ಆರಿಸಿದ ಪ್ರತಿನಿಧಿಯನ್ನು ಕೊಲ್ಲುವುದು ಆ ಒಬ್ಬ ವ್ಯಕ್ತಿಯ ಮೇಲಿನ ಹಿಂಸೆಯಷ್ಟೇ ಅಲ್ಲ. ಅವರಿಗೆ ಮತ ಹಾಕಿದವರ ತೀರ್ಪನ್ನೂ, ಹಾಕದವರು ಮುಂದಿನ ಚುನಾವಣೆಯಲ್ಲಿ ಅದನ್ನು ಬದಲಿಸಬಹುದಾಗಿದ್ದ ಹಕ್ಕನ್ನೂ ಅದು ಕಸಿದುಕೊಳ್ಳುತ್ತದೆ. ಬಗೆಹರಿಯದ ಆ ಕೊಲೆ ಊರಿನ ಎಲ್ಲ ಸಮುದಾಯಗಳ ಮೇಲೂ ಸಂಶಯದ ನೆರಳಾಗಿ ಉಳಿಯಿತು.

2017ರ ಡಿಸೆಂಬರಿನಲ್ಲಿ ಹೊನ್ನಾವರದ ಯುವಕನೊಬ್ಬನ ಸಾವು ಮತ್ತೆ ಇಡೀ ಕರಾವಳಿಯನ್ನು ಕದಡಿತು. ಐದು ತಿಂಗಳ ಅನಂತರ ವಿಧಾನಸಭಾ ಚುನಾವಣೆ ಬಂದಿತು. ಆ ಸಾವು ಪ್ರಚಾರದ ವಿಷಯವಾಯಿತು. ಅದು ನೀರಿನಲ್ಲಿ ಮುಳುಗಿ ಆಕಸ್ಮಿಕವಾಗಿ ಆದ ಸಾವೆಂದು ಕೇಂದ್ರ ತನಿಖಾ ದಳ ವರದಿ ಸಲ್ಲಿಸಿದ್ದು 2022ರಲ್ಲಿ. ಚುನಾವಣೆಯ ಕಾಲವೂ ತನಿಖೆಯ ಕಾಲವೂ ಒಂದೇ ವೇಗದಲ್ಲಿ ಸಾಗುವುದಿಲ್ಲ ಎಂಬುದಕ್ಕೆ ಇದೊಂದು ನಿದರ್ಶನ.

ಇದೇ ನೆಲದಲ್ಲಿ ‘ಹಂಜಮಾನ’ದ ಶಬ್ದಪರಂಪರೆ ಮುಂದುವರಿದಿರುವುದನ್ನೂ ನೋಡಬೇಕು. 1912ರಲ್ಲಿ ಹುಟ್ಟಿದ ಮಜ್ಲಿಸೆ ಇಸ್ಲಾಹ್ ವ ತಂಜೀಮ್ ನವಾಯತ ಸಮುದಾಯದ ಸಾಮಾಜಿಕ ವ್ಯವಹಾರಗಳನ್ನು ನೋಡಿಕೊಳ್ಳುವ ಸಂಸ್ಥೆ; ಚುನಾವಣೆ ಬಂದಾಗ ಯಾರನ್ನು ಬೆಂಬಲಿಸಬೇಕೆಂದು ಅಲ್ಲಿ ಸಮಾಲೋಚನೆ ನಡೆಯುತ್ತದೆ. 1919ರ ಅಂಜುಮನ್ ಹಾಮಿ ಎ ಮುಸ್ಲಿಮೀನ್ ಶಾಲೆ ಕಾಲೇಜುಗಳನ್ನು ಕಟ್ಟಿತು. ಉಳಿದ ಸಮುದಾಯಗಳಲ್ಲಿಯೂ ಜಾತಿ ಸಂಘ, ಮೀನುಗಾರರ ಕೂಟ, ದೇವಾಲಯದ ಆಡಳಿತ ಮಂಡಳಿಗಳು ಇಂತಹ ಕೆಲಸವನ್ನೇ ಬೇರೆ ರೀತಿಯಲ್ಲಿ ಮಾಡುತ್ತವೆ. ಹಳೆಯ ಶಾಸನಗಳ ಹಲರು, ಹಂಜಮಾನಗಳು ಒಟ್ಟಿಗೆ ಒಪ್ಪಿಗೆ ನೀಡುತ್ತಿದ್ದವು; ಇಂದಿನ ಸಂಘಗಳು ಪ್ರತ್ಯೇಕವಾಗಿ ತೀರ್ಮಾನಿಸುತ್ತವೆ, ಆ ತೀರ್ಮಾನಗಳು ಮತಯಂತ್ರದಲ್ಲಿ ಎದುರುಬದುರಾಗುತ್ತವೆ. ವ್ಯತ್ಯಾಸವಿರುವುದು ಅಲ್ಲಿ.

ಭಟ್ಕಳದ ಹಲವಾರು ಕುಟುಂಬಗಳ ದುಡಿಮೆ ಕೊಲ್ಲಿ ದೇಶಗಳಲ್ಲಿದೆ. ಹೊರದೇಶದಲ್ಲಿರುವ ಭಾರತೀಯ ಪ್ರಜೆಗಳು ಮತದಾರರ ಪಟ್ಟಿಗೆ ಸೇರಬಹುದೆಂಬ ತಿದ್ದುಪಡಿ 2010ರಲ್ಲಿ ಬಂದರೂ ಮತ ಹಾಕಲು ಅವರು ಸ್ವತಃ ಮತಗಟ್ಟೆಗೆ ಬರಬೇಕು. ಊರಿನ ಆರ್ಥಿಕತೆಯನ್ನು ಹೊತ್ತವರು ಮತದಾನದ ದಿನ ಊರಿನಲ್ಲಿ ಇಲ್ಲದಿರುವುದು ಈ ಕ್ಷೇತ್ರದ ವಿಶೇಷ.

ಇಪ್ಪತ್ತು ಮತಗಳ ಅಂತರ

ಕುಮಟಾ ಕ್ಷೇತ್ರದ ಇತ್ತೀಚಿನ ಚುನಾವಣೆಗಳು ಒಂದೊಂದು ಮತದ ಬೆಲೆಯನ್ನು ಕಲಿಸುತ್ತವೆ. 2008ರಲ್ಲಿ ಜನತಾದಳದ ದಿನಕರ ಶೆಟ್ಟಿ ಕಾಂಗ್ರೆಸ್ಸಿನ ಮೋಹನ ಶೆಟ್ಟಿಯವರನ್ನು ಸೋಲಿಸಿದ್ದು ಕೇವಲ 20 ಮತಗಳಿಂದ. 2013ರಲ್ಲಿ ಮೋಹನ ಶೆಟ್ಟಿಯವರ ಪತ್ನಿ ಶಾರದಾ ಮೋಹನ ಶೆಟ್ಟಿ ಅದೇ ಎದುರಾಳಿಯನ್ನು 420 ಮತಗಳಿಂದ ಸೋಲಿಸಿದರು. 2018ರಲ್ಲಿ ಭಾರತೀಯ ಜನತಾ ಪಕ್ಷಕ್ಕೆ ಬಂದಿದ್ದ ದಿನಕರ ಶೆಟ್ಟಿ ಶಾರದಾ ಅವರನ್ನು 32,750 ಮತಗಳಿಂದ ಹಿಂದಿಕ್ಕಿದರು. 2023ರಲ್ಲಿ ಅಂತರ ಮತ್ತೆ ಕುಗ್ಗಿತು: ಜನತಾದಳದ ಸೂರಜ್ ನಾಯ್ಕ ಸೋನಿಯವರೆದುರು 676 ಮತಗಳು. ಅದೇ ಚುನಾವಣೆಯಲ್ಲಿ ಕಾಂಗ್ರೆಸ್ಸಿನಿಂದ ನಿಂತ ನಿವೇದಿತ್ ಆಳ್ವ, 1952ರ ಲೋಕಸಭಾ ಸದಸ್ಯ ಜೋಕಿಂ ಆಳ್ವರ ಮೊಮ್ಮಗ. ಮನೆತನದ ಹೆಸರು ಏಳು ದಶಕಗಳ ಬಳಿಕವೂ ಕಣದಲ್ಲಿತ್ತು. ಗೆಲುವು ಅದಕ್ಕೆ ಒಲಿಯಲಿಲ್ಲ.

ಚೆನ್ನಭೈರಾದೇವಿ ಅರ್ಧ ಶತಮಾನ ಆಳಿದ ನೆಲದಲ್ಲಿ ಮಹಿಳೆಯೊಬ್ಬರು ಶಾಸಕರಾದುದನ್ನು ವಿಶೇಷ ಸುದ್ದಿಯಾಗಿ ಹೇಳಬೇಕಾಗಿ ಬಂದುದು ಯೋಚಿಸಬೇಕಾದ ಸಂಗತಿ.

ಭಟ್ಕಳದ ಪಟ್ಟಿಯೂ ಅಷ್ಟೇ ಅಸ್ಥಿರವಾದುದು. 2004ರಲ್ಲಿ ಭಾರತೀಯ ಜನತಾ ಪಕ್ಷದ ಶಿವಾನಂದ ನಾಯ್ಕ, 2008ರಲ್ಲಿ ಕಾಂಗ್ರೆಸ್ಸಿನ ಜೆ.ಡಿ. ನಾಯ್ಕ, 2013ರಲ್ಲಿ ಪಕ್ಷೇತರ ಮಂಕಾಳ ಸುಬ್ಬ ವೈದ್ಯ, 2018ರಲ್ಲಿ ಭಾರತೀಯ ಜನತಾ ಪಕ್ಷದ ಸುನೀಲ್ ಬಿಳಿಯ ನಾಯ್ಕ, 2023ರಲ್ಲಿ ಕಾಂಗ್ರೆಸ್ಸಿನಿಂದ ಮತ್ತೆ ಮಂಕಾಳ ವೈದ್ಯ. 2013ರಲ್ಲಿ ಪಕ್ಷೇತರರಾಗಿ ಗೆದ್ದಾಗ ಅವರಿಗೆ ಬಂದುದು 37,319 ಮತಗಳು. ಹಲವು ಅಭ್ಯರ್ಥಿಗಳ ನಡುವೆ ಮತಗಳು ಹಂಚಿಹೋಗಿದ್ದವು. ಹತ್ತು ವರ್ಷಗಳ ನಂತರ ನೇರ ಸ್ಪರ್ಧೆಯಲ್ಲಿ ಅವರು ಒಂದು ಲಕ್ಷಕ್ಕೂ ಹೆಚ್ಚು ಮತ ಪಡೆದು 32,671 ಮತಗಳ ಅಂತರದಿಂದ ಗೆದ್ದರು. ಐದು ಚುನಾವಣೆಗಳಲ್ಲಿ ಯಾವ ಪಕ್ಷವೂ ಸತತ ಎರಡು ಬಾರಿ ಗೆದ್ದಿಲ್ಲ. ಈ ಕ್ಷೇತ್ರವನ್ನು ಯಾವುದೇ ಒಂದು ಮತದ, ಜಾತಿಯ ಅಥವಾ ಪಕ್ಷದ ಕೋಟೆಯೆಂದು ವರ್ಣಿಸುವ ಬರೆಹಗಳಿಗೆ ಈ ಅಂಕಿಗಳೇ ಉತ್ತರ.

ಶಾಸಕರ ಕಚೇರಿಯ ಕೆಲಸ

ಸಂವಿಧಾನದ ಪ್ರಕಾರ ಶಾಸಕರ ಕೆಲಸ ಕಾನೂನು ರಚನೆ, ಆಯವ್ಯಯದ ಪರಿಶೀಲನೆ, ಸರ್ಕಾರವನ್ನು ಪ್ರಶ್ನಿಸುವುದು. ಆದರೆ ಜನರು ಶಾಸಕರನ್ನು ಕಾಣುವುದು ಬೇರೆ ಕಾರಣಗಳಿಗಾಗಿ. ಬಗರ್‌ಹುಕುಂ ಸಕ್ರಮೀಕರಣ ಸಮಿತಿ, ಆಶ್ರಯ ಸಮಿತಿ, ತಾಲ್ಲೂಕು ಪ್ರಗತಿ ಪರಿಶೀಲನಾ ಸಭೆ ಮೊದಲಾದವುಗಳಲ್ಲಿ ಶಾಸಕರು ಪ್ರಮುಖರು. ಕಾಡೇ ಹೆಚ್ಚಾಗಿರುವ ಉತ್ತರ ಕನ್ನಡದಲ್ಲಿ ಮನೆ, ತೋಟ, ಗದ್ದೆಗಳ ‘ಅತಿಕ್ರಮಣ’ವೇ ನಿತ್ಯದ ಅಹವಾಲು. 2006ರ ಅರಣ್ಯ ಹಕ್ಕು ಕಾಯಿದೆ ಬುಡಕಟ್ಟಿಗೆ ಸೇರದ ಅರಣ್ಯವಾಸಿಗಳಿಂದ ಮೂರು ತಲೆಮಾರು, ಅಂದರೆ 75 ವರ್ಷಗಳ ವಾಸದ ಸಾಕ್ಷ್ಯವನ್ನು ಕೇಳುತ್ತದೆ. ಓದುಬರೆಹ ಬಾರದ ಅಜ್ಜನ ಕಾಲದ ದಾಖಲೆಯನ್ನು ಮೊಮ್ಮಗ ಎಲ್ಲಿಂದ ತರಬೇಕು? ಅಂಬವಣಶ್ರೇಷ್ಠಿಯ ದಾನಕ್ಕೆ ಶಾಸನವಿದೆ. ಅದೇ ಕಾಡಿನಂಚಿನಲ್ಲಿ ಗದ್ದೆ ಮಾಡಿದ ಒಕ್ಕಲಿಗನಿಗೆ ಶಾಸನವಿಲ್ಲ. ಆತ ಅರ್ಜಿ ಹಿಡಿದು ಶಾಸಕರ ಬಾಗಿಲಿಗೆ ಬರುತ್ತಾನೆ.

ಕಡಲಿನ ಬದಿಯ ಪ್ರಶ್ನೆಯೂ ಇಂಥದೇ. ಹೊನ್ನಾವರದ ಕಾಸರಕೋಡಿನಲ್ಲಿ ಖಾಸಗಿ ವಾಣಿಜ್ಯ ಬಂದರಿನ ಯೋಜನೆಯನ್ನು ಅಲ್ಲಿನ ಮೀನುಗಾರರು ವಿರೋಧಿಸುತ್ತ ಬಂದಿದ್ದಾರೆ. ಮೀನು ಒಣಗಿಸುವ, ದೋಣಿ ಎಳೆಯುವ ಮರಳದಂಡೆಯೇ ಅವರ ಹೊಲ. 2023ರ ಮೇ ತಿಂಗಳಿಂದ ರಾಜ್ಯದ ಮೀನುಗಾರಿಕೆ ಹಾಗೂ ಬಂದರು ಖಾತೆ ಭಟ್ಕಳದ ಶಾಸಕರ ಕೈಗೇ ಬಂದಿತು. ಮೀನುಗಾರರ ಹಿತ ಮತ್ತು ಬಂದರಿನ ಬೆಳವಣಿಗೆ, ಎರಡೂ ಒಬ್ಬರದೇ ಹೊಣೆ. ಮೆಣಸಿನ ಕಾಲದಲ್ಲಿ, ಹತ್ತಿಯ ಕಾಲದಲ್ಲಿ ಬಂದರಿನ ನಿರ್ಧಾರಗಳು ಕಡಲದಂಡೆಯ ಜನರನ್ನು ಕೇಳದೆ ನಡೆದವು. ಈಗ ಕೇಳುವ ವ್ಯವಸ್ಥೆಯಿದೆ. ಅದು ಎಷ್ಟರ ಮಟ್ಟಿಗೆ ಕೇಳಿಸಿಕೊಳ್ಳುತ್ತದೆ ಎಂಬುದರಿಂದಲೇ ಪ್ರಾತಿನಿಧ್ಯದ ಬೆಲೆ ನಿರ್ಧಾರವಾಗಬೇಕು.

ಸಂಖ್ಯೆಯ ರಾಜಕಾರಣದಲ್ಲಿ ಲೆಕ್ಕಕ್ಕೆ ಬಾರದ ಸಮುದಾಯಗಳೂ ಇಲ್ಲಿವೆ. ಈ ನೆಲವನ್ನು ಆಳಿದ ಜೈನರ ಮನೆಗಳು ಇಂದು ಎಣಿಕೆಗೆ ಸಿಗುವಷ್ಟೇ ಉಳಿದಿವೆ. ಭಟ್ಕಳದ ಕಾಡಿನಂಚಿನ ಗೊಂಡರು, ಪರಿಶಿಷ್ಟ ಪಂಗಡದ ಮಾನ್ಯತೆಗಾಗಿ ಬಹುಕಾಲದಿಂದ ಕೇಳುತ್ತಿರುವ ಹಾಲಕ್ಕಿ ಒಕ್ಕಲಿಗರು ಯಾವ ಪಕ್ಷದ ಟಿಕೆಟ್ ಹಂಚಿಕೆಯಲ್ಲಿಯೂ ಮುಂದಿನ ಸಾಲಿಗೆ ಬರುವುದು ಅಪರೂಪ. ಆದರೆ 20 ಮತಗಳ ಅಂತರದಲ್ಲಿ ತೀರ್ಪು ಆಗುವ ನೆಲದಲ್ಲಿ ಸಣ್ಣ ಸಮುದಾಯವೆಂಬುದೇ ಇರುವುದಿಲ್ಲ. 2004ರಲ್ಲಿ ಸಂತೆಮರಹಳ್ಳಿ ಕ್ಷೇತ್ರದ ಫಲಿತಾಂಶ ಒಂದೇ ಮತದಿಂದ ನಿರ್ಧಾರವಾದುದನ್ನು ರಾಜ್ಯ ಕಂಡಿದೆ.

ಸಂಶೋಧಕರಿಗೆ ಇಲ್ಲಿ ಮಾಡಬೇಕಾದ ಕೆಲಸ ಬಹಳವಿದೆ. ಹಾಡುವಳ್ಳಿ, ಮೂಡಭಟ್ಕಳ, ಗೇರುಸೊಪ್ಪೆಗಳ ಶಿಲಾಶಾಸನಗಳನ್ನು ವಿದ್ವಾಂಸರು ಓದಿ ಸಂಪುಟಗಳಲ್ಲಿ ಪ್ರಕಟಿಸಿದ್ದಾರೆ. ಮತಗಟ್ಟೆವಾರು ಫಲಿತಾಂಶವನ್ನು ದಾಖಲಿಸುವ ನಮೂನೆ 20ರ ಹಾಳೆಗಳು, ವಿಧಾನಸಭೆಯ ನಡವಳಿಗಳು, ಚುನಾವಣೆಯ ಕರಪತ್ರಗಳು, 1952ರಲ್ಲಿ ಮೊದಲ ಬಾರಿಗೆ ಮತ ಹಾಕಿದ ಹಿರಿಯರ ನೆನಪುಗಳು ಅಂತಹ ಆಸ್ಥೆಗಾಗಿ ಕಾದಿವೆ. ನೆನಪುಗಳಂತೂ ಹೆಚ್ಚು ಕಾಲ ಕಾಯಲಾರವು. ಆ ತಲೆಮಾರು ಈಗಾಗಲೇ ತೊಂಬತ್ತನ್ನು ದಾಟಿದೆ. ಸಂಗೀತಪುರದ ಅರಸನ ಆಜ್ಞೆಯನ್ನು ನಾಲ್ಕು ನೂರು ವರ್ಷಗಳ ಬಳಿಕ ಓದಬಲ್ಲ ಕನ್ನಡ ವಿದ್ವತ್ತು, ಅದೇ ಹಾಡುವಳ್ಳಿಯ ಒಕ್ಕಲಿನವಳು ತನ್ನ ಮೊದಲ ಮತವನ್ನು ಯಾವ ನಂಬಿಕೆಯಿಂದ ಹಾಕಿದಳೆಂಬುದನ್ನೂ ಬರೆದಿಡುವಷ್ಟು ಹೊಣೆ ಹೊರಬೇಕಾಗಿದೆ.